ಸ್ವಾಗತದ ಬೋರ್ಡ್ ಸಾಲದು

ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ಹೋದ ಮೊದಲ ಕ್ರಿಕೆಟ್ ತಂಡ ಮೂಲನಿವಾಸಿಗಳದ್ದು, 1868ರಲ್ಲಿ. ಮರುವರ್ಷವೇ ವಿಕ್ಟೋರಿಯಾದಲ್ಲಿ, ಅವರು ಎಲ್ಲಿ ವಾಸಿಸಬೇಕು ಅಂತ ಸರ್ಕಾರವೇ ತೀರ್ಮಾನಿಸೋ ಕಾನೂನು ಬಂತು. ಮೂಲನಿವಾಸಿ ಮೂಲದ ಜೇಸನ್ ಗಿಲೆಸ್ಪಿ ಟೆಸ್ಟ್ ಆಡಿದ್ದು 1996ರಲ್ಲಿ! ನಡುವೆ ಪ್ರತಿಭೆ ಬತ್ತಿತ್ತಾ? ಇಲ್ಲ ಸ್ವಾಮಿ, ದಾರಿ ಮುಚ್ಚಿತ್ತು.

ಈಗ ಅಲ್ಲಿನ ಊರೂರ ಕ್ಲಬ್‌ಗಳು ನಮ್ಮ ಆಫೀಸಿನ ಡೈವರ್ಸಿಟಿ ಪೋಸ್ಟರ್ ಥರ ‘ಎಲ್ಲರಿಗೂ ಸ್ವಾಗತ’ ಅಂತ ಬೋರ್ಡ್ ಹಾಕಿದರೆ ಸಾಕಾ? ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತು, ಕೊನೇ ಬಸ್ಸು ಆರಕ್ಕೆ ಹೊರಟರೆ ಆರೂವರೆ ಪ್ರಾಕ್ಟೀಸು ನಮ್ಮಂಥವರಿಗಲ್ಲ. ಫೀಸು, ಶೂ, ಮನೆಗೆ ಬಿಡೋ ಗಾಡಿ ಇವನ್ನು ಕ್ಲಬ್ಬೇ ನೋಡಿಕೊಳ್ಳಬೇಕು. ಅದು ದುಡ್ಡಿದ್ದರೆ ಆಗೋ ಕೆಲಸ. ಬೌಂಡರಿಯಾಚೆ ನಿಂತು ಹುಡುಗನ ಬಣ್ಣ ಹಿಡಿದು ಬೈಯೋ ಹಳೇ ಮೆಂಬರನ್ನ ಹೊರಗೆ ಕಳಿಸೋಕೆ ಮಾತ್ರ ಗುಂಡಿಗೆ ಬೇಕು. ಅದನ್ನು ಮಾಡಿದ ಕ್ಲಬ್ಬಿಗೆ ಆ ಹುಡುಗ ಮುಂದಿನ ವಾರವೂ ಬರ್ತಾನೆ.