ಅರವತ್ತು–ನಲವತ್ತರ ಸೈಟಿನಲ್ಲಿ ಹತ್ತು ಮೀಟರು

ಜಯನಗರದಲ್ಲಿ ಒಂದು ಮನೆತನದ ಅಂತಸ್ತು ತಿಳಿಯಲು ಎರಡು ಸಂಖ್ಯೆ ಸಾಕು. ‘ಅರವತ್ತು–ನಲವತ್ತು’ ಎಂದರೆ ಹಳೆಯ ಕಾಲದಲ್ಲಿ ಸೈಟು ಪಡೆದ ಪುಣ್ಯವಂತರು; ‘ಮೂವತ್ತು–ನಲವತ್ತು’ ಎಂದರೆ ಸಾಲ ಮಾಡಿ ಮನೆ ಕಟ್ಟಿ, ಮಕ್ಕಳನ್ನು ಓದಿಸಿ ದಡ ಸೇರಿಸಿದವರು. 1948ರಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಈ ಬಡಾವಣೆಯನ್ನು ಉದ್ಘಾಟಿಸಿದ ನೆನಪಿಗೆ ನಿಂತಿರುವ ಅಶೋಕ ಸ್ತಂಭದಿಂದ ಹಿಡಿದು ಒಂಬತ್ತನೇ ಬ್ಲಾಕಿನ ರಾಗಿಗುಡ್ಡದ ಆಂಜನೇಯನವರೆಗೆ ಮನೆಗಳ ಮಾತು ಬಂದರೆ ಅಡಿಗಳ ಲೆಕ್ಕ ಬಂದೇ ಬರುತ್ತದೆ. ಈ ಅಡಿಗಳನ್ನು ಮೀಟರಿಗೆ ತಿರುಗಿಸಿ ನೋಡುವ ಗೋಜಿಗೆ ಇಲ್ಲಿನ ಹಿರಿಯರು ಎಂದೂ ಹೋದವರಲ್ಲ. ಈಗ ಕೆಲವು ಮನೆಗಳಲ್ಲಿ ಮಕ್ಕಳೇ ಅಳತೆಪಟ್ಟಿ ಹಿಡಿದು ನಿಂತಿದ್ದಾರೆ.

ಕಾರಣ, ಏರ್ ಪಿಸ್ತೂಲ್. ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆಯ ದೂರ ಹತ್ತು ಮೀಟರು. ಅರವತ್ತಡಿ ಎಂದರೆ 18.3 ಮೀಟರು, ನಲವತ್ತಡಿ ಎಂದರೆ 12.2 ಮೀಟರು. ಅಂದರೆ ಅರವತ್ತು–ನಲವತ್ತರ ಸೈಟಿನ ಉದ್ದದಲ್ಲಿ ಹತ್ತು ಮೀಟರು ಧಾರಾಳವಾಗಿ ಕುಳಿತು, ಅತ್ತ ಗುಂಡು ಹಿಡಿಯುವ ಪೆಟ್ಟಿಗೆಗೂ ಇತ್ತ ಕುರ್ಚಿ ಹಾಕಿಕೊಂಡು ನೋಡುವ ಅಜ್ಜನಿಗೂ ಜಾಗ ಉಳಿಯುತ್ತದೆ. ಮೂವತ್ತು–ನಲವತ್ತರಲ್ಲಿ ಗೋಡೆಯಿಂದ ಗೋಡೆಗೆ ಹೇಗೋ ಹಿಡಿಸೀತು. ಫುಟ್‌ಬಾಲಿಗೆ ಮೈದಾನ ಬೇಕು, ಈಜಿಗೆ ಕೊಳ ಬೇಕು. ನೆಲಮಾಳಿಗೆಯಲ್ಲೋ ಮೇಲ್ಮಹಡಿಯಲ್ಲೋ ಶಾಲೆಯ ಉದ್ದನೆಯ ಕೊಠಡಿಯಲ್ಲೋ ನಡೆಸಬಹುದಾದ ಈ ಆಟ ಬೆಂಗಳೂರಿನಂಥ ಇಕ್ಕಟ್ಟಿನ ಊರಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಊರಿನ ಮಕ್ಕಳಿಗೆ ಏರ್‌ಗನ್ ಹೊಸದೂ ಅಲ್ಲ. ಕಾರ್ತಿಕದ ಕೊನೆಯ ಸೋಮವಾರ ಪಕ್ಕದ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಪರಿಷೆ, ಜಾತ್ರೆ ಎಂದಮೇಲೆ ಬಲೂನು ಹೊಡೆಯುವ ಅಂಗಡಿ ಇರಲೇಬೇಕು. ಕೈಯಿಂದ ಕೈಗೆ ಹೋಗಿ ನಳಿಗೆ ಸವೆದ ಬಂದೂಕು, ಡಬ್ಬಿಯಲ್ಲಿ ಕುಲುಕಾಡಿ ಅಂಚು ಮುದುಡಿದ ಗುಂಡುಗಳು. ಅಲ್ಲಿ ಗುರಿ ತಪ್ಪಿದರೆ ‘ಗನ್ನೇ ಸರಿಯಿಲ್ಲ’ ಎಂದು ಅಣ್ಣ ತಮ್ಮನನ್ನು ಸಮಾಧಾನ ಮಾಡುತ್ತಾನೆ. ಅದು ಬಹುಮಟ್ಟಿಗೆ ನಿಜವೂ ಹೌದು. ತೊಂದರೆ ಏನೆಂದರೆ, ಅದೇ ತಮ್ಮ ನಾಲ್ಕು ವರ್ಷ ಕಳೆದು ಅಕಾಡೆಮಿ ಸೇರಿದಾಗಲೂ ಈ ಮಾತನ್ನು ಮರೆತಿರುವುದಿಲ್ಲ. ಅಂಕ ಬರದ ದಿನ ದೂರು ಗುಂಡಿನ ಮೇಲೆ. ದುಬಾರಿ ಡಬ್ಬಿ ಬೇಕೆಂಬ ಬೇಡಿಕೆ ಅಪ್ಪನ ಮುಂದೆ.

ಈ ಬೇಡಿಕೆಯನ್ನು ತೂಗಿ ನೋಡಬೇಕಾದರೆ ಮೊದಲು ಗುಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಇದಕ್ಕೆ ಪೆಲೆಟ್ ಎಂಬ ಹೆಸರೇ ಬಳಕೆಯಲ್ಲಿದೆ. ಆಕಾರದಲ್ಲಿ ಪುಟ್ಟ ಡಮರುಗ: ಚಪ್ಪಟೆ ತಲೆ, ಸಣ್ಣ ನಡು, ಲಂಗದಂತೆ ಅರಳಿದ ಟೊಳ್ಳು ಹಿಂಭಾಗ. ಅಡ್ಡಳತೆ 4.5 ಮಿಲಿಮೀಟರು, ತೂಕ ಅರ್ಧ ಗ್ರಾಮಿನ ಆಸುಪಾಸು, ಲೋಹ ಸೀಸ. ಗಾಳಿಯ ಒತ್ತಡಕ್ಕೆ ಮೆತ್ತನೆಯ ಸೀಸದ ಲಂಗ ಹಿಗ್ಗಿ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡದ್ದರಿಂದಲೇ ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುತ್ತದೆ. ತಲೆ ಚಪ್ಪಟೆ ಇರುವುದು ಕಾಗದದಲ್ಲಿ ಪಂಚಿಂಗ್ ಯಂತ್ರ ಹೊಡೆದಂಥ ಅಚ್ಚುಕಟ್ಟಾದ ತೂತು ಬೀಳಲಿ ಎಂದು. ಚೂಪು ತಲೆಯವು ಕಾಗದವನ್ನು ಹರಿಯುತ್ತವೆ. ಆಮೇಲೆ ಒಂಬತ್ತೋ ಹತ್ತೋ ಎಂಬ ಜಗಳ.

ಅಂಗಡಿಯಲ್ಲಿ ಇವು ಸಾಮಾನ್ಯವಾಗಿ ಐನೂರರ ಡಬ್ಬಿಗಳಲ್ಲಿ ಬರುತ್ತವೆ. ಅಭ್ಯಾಸದ ದರ್ಜೆ, ಪಂದ್ಯದ ದರ್ಜೆ ಎಂದು ಎರಡು ಮುಖ್ಯ ಬಗೆ. ಆರ್‌ಡಬ್ಲ್ಯೂಎಸ್, ಎಚ್ ಅಂಡ್ ಎನ್ ಮುಂತಾದ ಜರ್ಮನಿಯ ಕಂಪನಿಗಳು ಎರಡನ್ನೂ ಮಾಡುತ್ತವೆ. ಪಂದ್ಯದ ದರ್ಜೆಯಲ್ಲಿ ತೂಕ, ತಲೆಯ ಅಳತೆ ಹೆಚ್ಚು ಕಟ್ಟುನಿಟ್ಟು, 4.49, 4.50, 4.51 ಎಂದು ಮಿಲಿಮೀಟರಿನ ನೂರನೇ ಭಾಗಕ್ಕೂ ಬೇರೆ ಬೇರೆ ಡಬ್ಬಿ. ಬೆಲೆಯೂ ಹಾಗೆಯೇ ಏರುತ್ತದೆ.

ಇವೆರಡರ ನಡುವೆ ಕಣ್ಣು ಸೆಳೆಯುವ ಮೂರನೆಯ ಬಗೆಯೊಂದಿದೆ: ಮೇಲೆ ತಾಮ್ರದ ಲೇಪ ಕೊಟ್ಟು ಹೊಳೆಯುವಂತೆ ಮಾಡಿದ ಪೆಲೆಟ್. ಲೇಪವಿದ್ದರೆ ಕೈಗೆ ಸೀಸ ಅಂಟುವುದು ಕಡಿಮೆ, ನಿಜ. ಆದರೆ ಹೊಳಪು ನಿಖರತೆಯ ಗುರುತಲ್ಲ. ಚಿನ್ನದ ನೀರು ಬಿಟ್ಟ ಬಳೆ ಚಿನ್ನದ್ದಲ್ಲ ಎಂದು ನಾಲ್ಕನೇ ಬ್ಲಾಕಿನಲ್ಲಿ ಒಡವೆ ವ್ಯಾಪಾರ ಮಾಡುವ ತಾಯಂದಿರಿಗೆ ಹೇಳಿಕೊಡಬೇಕಿಲ್ಲ. ಲೇಪದೊಳಗಿನ ಗುಂಡು ಒಂದಕ್ಕೊಂದು ಸಮನಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಪಂದ್ಯಗಳಲ್ಲಿ ಬಹುತೇಕ ಎಲ್ಲರೂ ಇಂದಿಗೂ ಬರಿಯ ಸೀಸದ ಚಪ್ಪಟೆ ತಲೆಯನ್ನೇ ನೆಚ್ಚಿದ್ದಾರೆ. ಇನ್ನು ತಾಮ್ರದ ಬಣ್ಣದ ದುಂಡನೆಯ ಉಕ್ಕಿನ ಗುಂಡುಗಳಂತೂ ಈ ಪಿಸ್ತೂಲುಗಳ ಹತ್ತಿರಕ್ಕೂ ಬರಬಾರದು. ನಳಿಗೆಯ ಗೀರುಗಳನ್ನು ಕೆಡಿಸುತ್ತವೆ, ಗಟ್ಟಿ ಗೋಡೆಗೆ ಬಡಿದು ವಾಪಸು ಚಿಮ್ಮುತ್ತವೆ.

ಲೇಪದ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡಬೇಕು. ಅಮೆರಿಕದಲ್ಲಿ ಸಿಡಿಮದ್ದಿನ ಪಿಸ್ತೂಲಿನವರು ಖರ್ಚು ಉಳಿಸಲು, ಪ್ಲಾಸ್ಟಿಕ್‌ನಂಥ ತೆಳುಲೇಪವಿರುವ ಸೀಸದ ಗುಂಡುಗಳನ್ನು ಕೊಂಡು ಖಾಲಿ ತೋಟೆಗಳಿಗೆ ತಾವೇ ಮತ್ತೆ ತುಂಬಿಕೊಳ್ಳುತ್ತಾರೆ. ತಾಮ್ರದ ಕವಚದ್ದಕ್ಕಿಂತ ಅವು ಅಗ್ಗ. ಬರಿಯ ಸೀಸದಂತೆ ನಳಿಗೆಗೆ ಮೆತ್ತಿಕೊಳ್ಳುವುದೂ ಇಲ್ಲ. ಇದನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿದ ಹುಡುಗರಿಗೆ ಇಲ್ಲೂ ಮಾಡಬಹುದಲ್ಲ ಎನ್ನಿಸುವುದು ಸಹಜ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಇಪ್ಪತ್ತೈದು ಮೀಟರಿನ ಸ್ಪರ್ಧೆಗೆ ಹೋಗುವವರಿಗೆ ಬೇಕಾದ ತೋಟೆಗಳೆಲ್ಲ ಪರವಾನಗಿಯ ಹಾದಿಯಲ್ಲೇ ಬರಬೇಕು. ಇದಕ್ಕೆ ಹೋಲಿಸಿದರೆ ಏರ್ ಪಿಸ್ತೂಲಿನ ದಾರಿ ಸಲೀಸು: 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ .177 ಬೋರಿನ, 20 ಜೂಲ್ ಮೀರದ ಗಾಳಿ ಬಂದೂಕಿಗೆ ಪರವಾನಗಿ ಕೇಳುವುದಿಲ್ಲ. ವಿದ್ಯಾರ್ಥಿಗಳು ಇಲ್ಲಿಂದಲೇ ಶುರುಮಾಡುವುದಕ್ಕೆ ಇದೂ ಕಾರಣ. ಪರವಾನಗಿ ಬೇಡ ಎಂದ ಮಾತ್ರಕ್ಕೆ ಆಟಿಕೆ ಎಂದಲ್ಲ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ.

ಈಗ ಅಪ್ಪನ ಮುಂದಿರುವ ಬೇಡಿಕೆಗೆ ಬರೋಣ. ಪಂದ್ಯದಲ್ಲಿ ಅರವತ್ತು ಗುಂಡು, ಒಂದೂಕಾಲು ಗಂಟೆ. ಹೆಣ್ಣುಮಕ್ಕಳಿಗೆ ಮೊದಲು ನಲವತ್ತಿತ್ತು, 2018ರಿಂದ ಅವರಿಗೂ ಅರವತ್ತೇ. ದಿನಕ್ಕೆ ನೂರು ಗುಂಡಿನಂತೆ ವಾರಕ್ಕೆ ಐದು ದಿನ ಅಭ್ಯಾಸ ಎಂದರೆ ವಾರಕ್ಕೊಂದು ಡಬ್ಬಿ. ಪರೀಕ್ಷೆ, ಹಬ್ಬ ಎಂದು ಎರಡು ವಾರ ಬಿಟ್ಟರೂ ವರ್ಷಕ್ಕೆ ಐವತ್ತು ಡಬ್ಬಿ, ಇಪ್ಪತ್ತೈದು ಸಾವಿರ ಗುಂಡು. ಎರಡು ದರ್ಜೆಗಳ ನಡುವೆ ಗುಂಡಿಗೊಂದು ರೂಪಾಯಿ ವ್ಯತ್ಯಾಸ ಎಂದು ಇಟ್ಟುಕೊಂಡರೂ ವರ್ಷಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ. ಸಂಬಳದ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ತಂಗಿಯ ಸಂಗೀತದ ಪಾಠ ಇದರಲ್ಲೇ ನಡೆದೀತು.

ಈ ಹಣ ಕೊಟ್ಟು ಪಡೆಯುವುದೇನು? ಉತ್ತರ ಗುರಿಯ ಕಾಗದದ ಮೇಲೆಯೇ ಇದೆ. ಏರ್ ಪಿಸ್ತೂಲಿನ ಹತ್ತರ ವೃತ್ತದ ಅಡ್ಡಳತೆ 11.5 ಮಿಲಿಮೀಟರು, ಒಂಬತ್ತರದು 27.5, ಎಂಟರದು 43.5. ಅರುನೂರಕ್ಕೆ ನಾನೂರ ಎಂಬತ್ತು ಗಳಿಸುವ ಕಲಿಕೆಯ ಹುಡುಗಿಯ ಸರಾಸರಿ ಎಂಟು; ಅವಳ ಗುಂಡುಗಳು ನಾಲ್ಕು ಸೆಂಟಿಮೀಟರಿಗೂ ಮಿಕ್ಕಿದ ಬಯಲಿನಲ್ಲಿ ಚೆಲ್ಲಾಡುತ್ತಿರುತ್ತವೆ. ಒಳ್ಳೆಯ ಅಭ್ಯಾಸದ ಪೆಲೆಟ್ಟಿಗೂ ಪಂದ್ಯದ ಪೆಲೆಟ್ಟಿಗೂ ಹತ್ತು ಮೀಟರಿನಲ್ಲಿ ಬೀಳುವ ವ್ಯತ್ಯಾಸವಾದರೋ ಕೆಲವೇ ಮಿಲಿಮೀಟರು. ಬಯಲಿನಲ್ಲಿ ದಾರಿ ತಪ್ಪಿದವರಿಗೆ ಹೊಸಿಲಿನ ಎತ್ತರ ಎಷ್ಟೆಂಬ ಚಿಂತೆ ಏಕೆ? ಚೆಲ್ಲಾಟ ಗುಂಡಿನದಲ್ಲ, ಕೈಯದು, ಉಸಿರಿನದು, ಕುದುರೆಯನ್ನು ಎಳೆಯುವ ಬೆರಳಿನದು. ಸರಾಸರಿ ಒಂಬತ್ತು ದಾಟಿ, ಐನೂರ ನಲವತ್ತರ ಆಚೆ ಹೋದಮೇಲೆ ಒಂದೊಂದು ಮಿಲಿಮೀಟರೂ ಅಂಕವಾಗುತ್ತದೆ. ದುಬಾರಿ ಡಬ್ಬಿಗೆ ಆಗ ಅರ್ಥ ಬರುತ್ತದೆ. ರೈಫಲಿನವರ ಕಥೆ ಬೇರೆ. ಅವರ ಹತ್ತು ಎಂದರೆ ಅರ್ಧ ಮಿಲಿಮೀಟರಿನ ಚುಕ್ಕಿ. ಅವರಿಗೆ ಈ ಚಿಂತೆ ಬೇಗ ಶುರುವಾಗುತ್ತದೆ.

ಷಟಲ್ ಆಡಿಸುವ ತಂದೆತಾಯಿಗಳಿಗೆ ಇದು ಗೊತ್ತಿರುವ ಸಂಗತಿಯೇ. ಕಲಿಯುವಾಗ ನೈಲಾನ್, ಪಂದ್ಯಕ್ಕೆ ಗರಿಯದು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಅಗ್ಗದ ಪೆಲೆಟ್ ಎಂದು ಈ ವಾರ ಒಂದು, ಮುಂದಿನ ವಾರ ಇನ್ನೊಂದು ಬಗೆ ತಂದರೆ ತೂಕ ಬದಲಾಗಿ ಗುಂಡು ಬೀಳುವ ಜಾಗವೂ ಸರಿಯುತ್ತದೆ. ಮಗು ತನ್ನ ತಪ್ಪೋ ಗುಂಡಿನದೋ ತಿಳಿಯದೆ ಕಂಗಾಲಾಗುತ್ತದೆ. ಪಿಸ್ತೂಲನ್ನು ವೈಸ್‌ನಲ್ಲಿ ಬಿಗಿದು ಮೂರು ನಾಲ್ಕು ಬಗೆಯಲ್ಲಿ ಹತ್ತತ್ತು ಹೊಡೆದು, ಯಾವುದು ಒತ್ತಾಗಿ ಬೀಳುತ್ತದೋ ಅದನ್ನೇ ಆರಿಸಿ ವರ್ಷವಿಡೀ ಅದಕ್ಕೇ ಅಂಟಿಕೊಳ್ಳುವುದು ಜಾಣತನ. ನಾಲ್ಕು ಮಕ್ಕಳ ಮನೆಯವರು ಸೇರಿ ಒಟ್ಟಿಗೆ ತರಿಸಿದರೆ ಬೆಲೆಯಲ್ಲೂ ಚೌಕಾಶಿಗೆ ದಾರಿ. ಪಂದ್ಯದ ಡಬ್ಬಿ ಒಂದೆರಡು ಇರಲಿ. ಸ್ಪರ್ಧೆಗೆ ಹದಿನೈದು ದಿನ ಮುಂಚೆ ತೆಗೆದರೆ ಸಾಕು.

ಎಲ್ಲಕ್ಕಿಂತ ಅಗ್ಗದ ಅಭ್ಯಾಸವೊಂದಿದೆ, ಅದಕ್ಕೆ ಗುಂಡೇ ಬೇಡ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಗಾಳಿಯೂ ಗುಂಡೂ ಇಲ್ಲದೆ ಕುದುರೆ ಎಳೆಯುವ ಅನುಕೂಲ ಇರುತ್ತದೆ. ಸುಣ್ಣ ಬಳಿದ ಬರಿಗೋಡೆಯ ಮುಂದೆ ನಿಂತು ತೋಳೆತ್ತಿ, ಉಸಿರು ನಿಲ್ಲಿಸಿ, ಬೆರಳನ್ನು ಮೆಲ್ಲನೆ ಒತ್ತುವುದು. ಪಿಸ್ತೂಲಿನ ಮುಂದಿನ ಮೊನೆ ಅಲುಗಿತೇ ಎಂದು ನೋಡುವುದು. 2020ರ ಲಾಕ್‌ಡೌನಿನಲ್ಲಿ ದೇಶದ ದೊಡ್ಡ ದೊಡ್ಡ ಶೂಟರುಗಳೂ ಮನೆಯ ಗೋಡೆಯನ್ನೇ ನೆಚ್ಚಿಕೊಂಡಿದ್ದರು. ಬೇಸರದ ಕೆಲಸ, ಸಂಶಯವಿಲ್ಲ. ಆದರೆ ವಾರದಲ್ಲಿ ಎರಡು ದಿನ ಹೀಗೆ ಮಾಡಿದರೆ ಐವತ್ತು ಡಬ್ಬಿ ಮೂವತ್ತಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಪಾಡು ಎಲ್ಲಿಗೆ ಮುಟ್ಟಿಸೀತು ಎಂದು ಕೇಳುವವರಿಗೆ ಉದಾಹರಣೆ ದೂರವೇನಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಕೆಲಸದಲ್ಲಿದ್ದವರು; ಮರಳಿ ಬಂದು, ಸ್ವತಃ ಶೂಟರ್ ಆಗಿದ್ದ ತಂದೆ ಪಾಪಣ್ಣನವರ ಹಾದಿ ಹಿಡಿದರು. 2013ರಲ್ಲಿ ಸ್ಪೇನಿನಲ್ಲಿ ಮುಖದ ಪಾರ್ಶ್ವವಾಯು ತಗುಲಿದರೂ ಎದ್ದು ನಿಂತು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಕರ್ನಾಟಕದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕುವಿನ ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. 2025ರ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪುರುಷರ ಏರ್ ಪಿಸ್ತೂಲ್ ಚಿನ್ನ ಕರ್ನಾಟಕಕ್ಕೆ ತಂದುಕೊಟ್ಟ ಜೋನಾಥನ್ ಆಂಟನಿಗೆ ಆಗ ಹದಿನೈದರ ವಯಸ್ಸು.

ಜಯನಗರದಿಂದ ಅಭ್ಯಾಸಕ್ಕೆ ಹೋಗಿಬರುವುದೂ ಒಂದು ಸಾಹಸ. 2017ರಿಂದ ಹಸಿರು ಮೆಟ್ರೊ, 2025ರಿಂದ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗದ ಜೋಡಣೆ, ಎಲ್ಲ ಇದೆ. ಆದರೆ ಪ್ರತಿ ಚೀಲವನ್ನೂ ಯಂತ್ರದೊಳಗೆ ಹಾಯಿಸುವ ಕಡೆ ಪಿಸ್ತೂಲಿನ ಪೆಟ್ಟಿಗೆ ಹಿಡಿದು ನಿಲ್ಲುವುದಕ್ಕಿಂತ ಅಪ್ಪನ ಸ್ಕೂಟರೇ ವಾಸಿ. ಹಿಂತಿರುಗುವಾಗ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ಇಡ್ಲಿ–ವಡೆಗೆ ನಿಲ್ಲುವುದು ಪದ್ಧತಿ. ಅಲ್ಲೊಂದು ಎಚ್ಚರ ಬೇಕು. ಸೀಸ ವಿಷ, ಬೆಳೆಯುವ ಮಕ್ಕಳಿಗೆ ಇನ್ನೂ ಹೆಚ್ಚು. ನೂರು ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ತಟ್ಟೆಗೆ ಇಡಬಾರದು. ಸ್ಯಾನಿಟೈಸರ್ ಸೂಕ್ಷ್ಮಜೀವಿಗೆ ಮದ್ದು, ಸೀಸವನ್ನು ತೆಗೆಯುವುದಿಲ್ಲ. ಕೈಗೆ ಸಿಗಲಿ ಎಂದು ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಹಳೆಯ ಚಾಳಿಯನ್ನು ಮೊದಲ ದಿನವೇ ಬಿಡಿಸಬೇಕು. ತವರದಲ್ಲಿ ಮಾಡಿದ ಸೀಸರಹಿತ ಪೆಲೆಟ್ ಬಂದಿವೆ. ಬೆಲೆ ಹೆಚ್ಚು, ತೂಕ ಕಡಿಮೆ.

ಹೊಡೆದ ಸೀಸ ಎಲ್ಲಿಗೂ ಹೋಗುವುದಿಲ್ಲ. ಇಪ್ಪತ್ತೈದು ಸಾವಿರ ಗುಂಡು ಎಂದರೆ ವರ್ಷಕ್ಕೆ ಹನ್ನೆರಡು ಕಿಲೋ ಹತ್ತಿರ ಸೀಸ, ಒಬ್ಬ ಹುಡುಗನದೇ. ಅಕಾಡೆಮಿಗಳಲ್ಲಿ ಅದು ಗುರಿಯ ಹಿಂದಿನ ಪೆಟ್ಟಿಗೆಯಲ್ಲಿ ಮುದ್ದೆಯಾಗಿ ಬೀಳುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವವರು ಗಟ್ಟಿ ಗೋಡೆಯ ಮುಂದೆ ಅಂಥದೇ ಕಬ್ಬಿಣದ ಪೆಟ್ಟಿಗೆ ಇಟ್ಟು, ಆ ಹೊತ್ತಿಗೆ ಅತ್ತ ಕಡೆಯ ಬಾಗಿಲಿಗೆ ಬೀಗ ಹಾಕಬೇಕು. ಬಟ್ಟೆ ಒಣಹಾಕುವ ತಾರಸಿ ಇದಕ್ಕೆ ಸಲ್ಲದು. ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಸವನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿಟ್ಟು, ಹಳೆಯ ಬ್ಯಾಟರಿ ಕೊಳ್ಳುವ ಅಧಿಕೃತ ವ್ಯಾಪಾರಿಗೆ ಹಾಕಬಹುದು. ಕರಗಿಸಿ ಮತ್ತೆ ಗುಂಡು ಎರಕ ಹೊಯ್ಯೋಣ ಎಂಬ ಉಳಿತಾಯದ ಯೋಚನೆ ಅಡುಗೆಮನೆಯ ಒಲೆಯ ಹತ್ತಿರ ಸುಳಿಯಬಾರದು. ಸೀಸದ ಹೊಗೆ ಮನೆಯಲ್ಲಿರುವ ಎಲ್ಲರ ಮೈಗೂ ಸೇರುತ್ತದೆ. ಹಾಗೆ ಹೊಯ್ದ ಪೆಲೆಟ್ ಪರಿಷೆಯ ಬಲೂನಿಗೂ ನೆಟ್ಟಗೆ ಹೋಗುವುದಿಲ್ಲ.