ಉಪ್ಪಿನ ಋಣ

ಮಧುಗಿರಿಯ ಏಕಶಿಲಾ ಬೆಟ್ಟವು ಚೈತ್ರ ವೈಶಾಖಗಳಲ್ಲಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಊರಿನ ಮೇಲೆ ಕಾರುವುದನ್ನು ಅನುಭವಿಸಿದವರಿಗೆ, ನಮ್ಮ ಬೀದಿಯ ಐಸ್‌ಕ್ಯಾಂಡಿ ಅಂಗಡಿಯನ್ನು ನಾನು ಊರಿನ ದೇವಾಲಯಗಳ ಸಾಲಿನಲ್ಲಿ ಏಕೆ ಎಣಿಸುತ್ತೇನೆಂದು ವಿವರಿಸಬೇಕಾಗಿಲ್ಲ. ಪಾವಗಡದ ಕಡೆಯಿಂದ ಬಂದು, ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದ ಅದರ ಯಜಮಾನರು ಸಾಲ ಕೊಡುವುದರಲ್ಲಿ ಎಷ್ಟು ಧಾರಾಳಿಗಳೋ ಉಪ್ಪಿನ ವಿಷಯದಲ್ಲಿ ಅಷ್ಟೇ ನಿಷ್ಠುರರು. "ಕಡಲೆಕಾಯಿ ಕಿತ್ತ ಮೇಲೆ ಕೊಡುವಿರಂತೆ, ತಿನ್ನಿ ಸ್ವಾಮಿ" ಎಂದು ನಮ್ಮ ತಂದೆಯವರ ಹೆಸರಿಗೆ ಲೆಕ್ಕ ಬರೆದುಕೊಳ್ಳುತ್ತಿದ್ದ ಅವರೇ, ಒಳಗಿನ ತೊಟ್ಟಿಯ ಉಪ್ಪುನೀರು ತೆಳುವಾಯಿತೆಂದು ಕಂಡರೆ, "ಉಪ್ಪೇ ಇಲ್ದೆ ಸಿಹಿ ಹೆಂಗೋ ಗಟ್ಟಿಯಾಗ್ತದೆ?" ಎಂದು ಕೆಲಸದ ಹುಡುಗನನ್ನು ಗದರುತ್ತಿದ್ದರು.

ಶಾಸ್ತ್ರವೆಲ್ಲ ಆ ಗದರಿಕೆಯಲ್ಲೇ ಇತ್ತು. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ತಾನು ಹೆಪ್ಪುಗಟ್ಟದೆ, ತನ್ನಲ್ಲಿ ಅದ್ದಿದ ಅಚ್ಚುಗಳೊಳಗಿನ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಇಟಲಿಯವರು ಉಪ್ಪು ಬೆರೆಸಿದ ಮಂಜುಗಡ್ಡೆಯ ನಡುವೆ ಪಾತ್ರೆಯನ್ನಿಟ್ಟು ತಿರುಗಿಸುತ್ತ ತಮ್ಮ ಜೆಲಾಟೊವನ್ನು ಸಿದ್ಧಪಡಿಸುತ್ತಿದ್ದುದೂ ಇದೇ ಉಪಾಯದಿಂದ. ಸಿಸಿಲಿಯ ಪ್ರೊಕೋಪಿಯೊ ಎಂಬಾತನು 1686ರಲ್ಲಿ ಪ್ಯಾರಿಸ್ಸಿನಲ್ಲಿ ಕಾಫಿ ಮಂದಿರವೊಂದನ್ನು ತೆರೆದು, ಈ ಶೀತಲ ಭಕ್ಷ್ಯದಿಂದಲೂ ಖ್ಯಾತನಾದನು; ಮರುವರ್ಷವೇ ನಮ್ಮ ನೆರೆಯ ಶಿರಾ ಮೊಗಲರ ಕೈಸೇರಿತು. ಮದ್ದಿಗೆ ಬೆರೆಸುವ ಪೆಟ್ಲುಪ್ಪಿನಿಂದಲೇ ಅಕ್ಬರನ ಆಸ್ಥಾನದಲ್ಲಿ ನೀರನ್ನು ತಣಿಸುತ್ತಿದ್ದರೆಂದು ಅಬುಲ್ ಫಜಲನು 'ಐನ್-ಇ-ಅಕ್ಬರಿ'ಯಲ್ಲಿ ಬರೆದಿರುವುದರಿಂದ, ಶಿರಾದ ನವಾಬ ದಿಲಾವರ್ ಖಾನನೂ ತನ್ನ ಅರಮನೆಯಲ್ಲಿ ಅಂತಹ ಪಾನಕವನ್ನು ಸೇವಿಸಿರಬೇಕೆಂಬುದು ನನ್ನ ಊಹೆ. ಇದಕ್ಕೆ ಶಾಸನಾಧಾರವನ್ನು ಯಾರೂ ಕೇಳಬಾರದು.

ನಮ್ಮ ಅಜ್ಜಿಯವರಾದರೋ ಕಂಡವರ ಮನೆಯ ನೀರನ್ನು ಮುಟ್ಟಿದವರಲ್ಲ. ಐಸ್‌ಕ್ಯಾಂಡಿ ಮಡಿಯೋ ಮೈಲಿಗೆಯೋ ಎಂಬ ಜಿಜ್ಞಾಸೆಯನ್ನು ಒಂದು ಬೇಸಗೆಯೆಲ್ಲ ನಡೆಸಿ, ಕಡೆಗೆ ಅದನ್ನು ತಮ್ಮ ಬೆಳ್ಳಿಯ ಬಟ್ಟಲಿನಲ್ಲಿ ಹಾಕಿಸಿಕೊಂಡು, ಪೂರ್ತಿ ಕರಗಿದ ಮೇಲೆ ಒಂದು ದಳ ತುಳಸಿ ಬಿಟ್ಟು, "ಈಗ ಇದು ಬರೀ ಹಾಲು ಕಣೋ" ಎಂದು ತೀರ್ಪಿತ್ತು ಕುಡಿದರು. ಆ ತೀರ್ಪಿನ ಪ್ರಯೋಜನ ಕೊರಟಗೆರೆಗೆ ಕೊಟ್ಟಿದ್ದ ನಮ್ಮಕ್ಕನಿಗೂ ಆಯಿತು: ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು ನಾನು ಬಸ್ಸಿನಲ್ಲಿ ಒಯ್ಯುತ್ತಿದ್ದ ಕ್ಯಾಂಡಿಗಳು ಅಲ್ಲಿ ಇಳಿಯುವ ಹೊತ್ತಿಗೆ ಕಡ್ಡಿಗಳಾಗಿ ಉಳಿದಿರುತ್ತಿದ್ದವು, ಭಾವನವರು ಉಳಿದ ದ್ರವವನ್ನು ಏಲಕ್ಕಿ ಪಾಯಸವೆಂದು ಹೊಗಳಿ ಕುಡಿಯುತ್ತಿದ್ದರು.

ಈಚೆಗೆ ಬೆಂಗಳೂರಿನಲ್ಲಿ ಮೊಮ್ಮಗಳು ನನ್ನನ್ನು ಜೆಲಾಟೊ ಅಂಗಡಿಯೊಂದಕ್ಕೆ ಕರೆದೊಯ್ದಳು. ಐಸ್‌ಕ್ರೀಮಿಗಿಂತ ಇದರಲ್ಲಿ ಹಾಲು ಹೆಚ್ಚು, ಕೆನೆ ಕಡಿಮೆ; ನಿಧಾನವಾಗಿ ಕಡೆಯುವುದರಿಂದ ಒಳಗೆ ಸೇರುವ ಗಾಳಿಯೂ ಅಲ್ಪ; ಆದಕಾರಣ ನಾಲಗೆಗೆ ದಟ್ಟವಾಗಿ ಹತ್ತುತ್ತದೆ. ಪದಾರ್ಥ ಉತ್ತಮವಾದದ್ದೇ, ಸಂಶಯವಿಲ್ಲ. ಆದರೆ ಲೆಕ್ಕ ಬರೆಸಿ ಬರಲು ಅವಕಾಶವಿಲ್ಲದ ಅಂಗಡಿಯನ್ನು ನಮ್ಮ ಬೀದಿಯದರ ಸಮಕ್ಕೆ ನಾನು ಎಣಿಸಲಾರೆ.