ಜಂಬಿಟ್ಟಿಗೆಯ ಊರಿನಲ್ಲಿ ಎರಡು ದಿನ

ರಜೆಯ ದಿನಗಳು ಸಮೀಪಿಸಿದರೆ ಹೈದರಾಬಾದಿನ ನಮ್ಮ ನೆರೆಹೊರೆಯವರ ಬಾಯಲ್ಲಿ ಬೆಟ್ಟದೂರುಗಳ ಹೆಸರು ಕೇಳಿಬರತೊಡಗುತ್ತದೆ. ಮಸ್ಸೂರಿ, ಮನಾಲಿ, ಶಿಮ್ಲಾ. ಅಷ್ಟು ದೂರ ಬೇಡವೆನ್ನುವವರಿಗೆ ಅರಕು. ಹೋಗಿ ಬಂದವರು ತಿರುವು ಮುರುವಿನ ರಸ್ತೆಗಳನ್ನೂ ಹಬೆಯಾಡುವ ಮೊಮೊಗಳನ್ನೂ ತಿಂಗಳುಗಟ್ಟಲೆ ವರ್ಣಿಸುತ್ತಾರೆ. ನಮಗೂ ಉತ್ತರದಲ್ಲೊಂದು ಎತ್ತರದ ಊರಿದೆ ಎಂದು ನಾವು ಹೇಳಿದರೆ ಮಾತ್ರ ಅವರಿಗೆ ನಗು. ಏಕೆಂದರೆ ನಾವು ಹೇಳುವುದು ಬೀದರದ ಹೆಸರನ್ನು.

ಬೀದರ ಬೆಟ್ಟವಲ್ಲ ಎಂಬುದು ನಮಗೂ ಗೊತ್ತು. ಅದೊಂದು ಕಲ್ಲಿನ ಹಾಸು. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿ ಮೇಜಿನಂತೆ ಹರಡಿರುವ ಜಂಬಿಟ್ಟಿಗೆಯ ನೆಲ. ಹೈದರಾಬಾದಿನಿಂದ ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದುಗಳನ್ನು ದಾಟಿ ಸುಮಾರು 140 ಕಿಲೋಮೀಟರು ಹೋದರೆ ಸಿಗುತ್ತದೆ. ದಾರಿಯಲ್ಲಿ ಏರುತ್ತಿದ್ದೇವೆಂಬ ಅರಿವೇ ಆಗುವುದಿಲ್ಲ. ಎತ್ತರ ತಿಳಿಯುವುದು ಕೋಟೆಯ ಹಿಂಬದಿಯ ಅಂಚಿಗೆ ಹೋಗಿ ನಿಂತಾಗ. ಕಾಲಡಿಯ ಕೆಂಪು ಕಲ್ಲು ಥಟ್ಟನೆ ಮುಗಿದು, ಕೆಳಗೆ ಕಪ್ಪು ಹೊಲಗಳು ಕಣ್ಣಿಗೆ ಎಟುಕುವಷ್ಟು ದೂರ ಬಿಚ್ಚಿಕೊಳ್ಳುತ್ತವೆ. ಈ ಕೆಂಪು ಮತ್ತು ಕಪ್ಪುಗಳ ನಡುವಿನ ಅಂಚೇ ಬೀದರದ ಬದುಕು. ಅಲ್ಲಿಯ ನೀರು, ಅಲ್ಲಿಯ ದೇವರುಗಳು, ಅಲ್ಲಿಯ ಊಟ, ಎಲ್ಲವೂ ಆ ಅಂಚಿನಲ್ಲೇ ಹುಟ್ಟಿದವು.

ಕಳೆದ ಎಳ್ಳಮಾವಾಸ್ಯೆಗೆ ನಾವು ಮೂರು ಮನೆಯವರು ಕೂಡಿ ಅಲ್ಲಿಗೆ ಹೊರಟೆವು. ಮೂವರೂ ಕಾಚಿಗುಡ, ಬರ್ಕತ್‌ಪುರದ ಸುತ್ತ ನೆಲೆಸಿದವರು. ನಮ್ಮಲ್ಲಿ ಯಾರೂ ಕರ್ನಾಟಕದಲ್ಲಿ ಹುಟ್ಟಿದವರಲ್ಲ. ನಮ್ಮ ಹಿರಿಯರು ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ನಿಜಾಮರ ಕಾಲದಲ್ಲಿ ಓದಿಗೋ ನೌಕರಿಗೋ ರಾಜಧಾನಿಗೆ ಬಂದವರು. ಅವರು ಬಂದಾಗ ಅದು ಪರರಾಜ್ಯವಾಗಿರಲಿಲ್ಲ. ತಮ್ಮ ಜಿಲ್ಲೆಯಿಂದ ತಮ್ಮದೇ ರಾಜಧಾನಿಗೆ ಬಂದು, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿ ಓದಿ, ಮನೆಯಲ್ಲಿ ಕನ್ನಡವಾಡಿಕೊಂಡಿದ್ದರು. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಮೂರಾಗಿ ಹಂಚಿಹೋಯಿತು. ಬೀದರ ಜಿಲ್ಲೆಯೂ ಹರಿದು ಹಂಚಿತು: ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ, ಉದಗೀರದ ಕಡೆಯ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಉಳಿದದ್ದು ಮೈಸೂರಿಗೆ. ನಮ್ಮವರು ಇದ್ದಲ್ಲೇ ಇದ್ದರು. ಊರು ಮಾತ್ರ ಗಡಿಯ ಆಚೆ ಹೋಯಿತು.

ಹೀಗಾಗಿ "ನಿಮ್ಮದು ಯಾವೂರು?" ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಸಲೀಸಾದ ಪ್ರಶ್ನೆಯಲ್ಲ. ನಾವು ಹೇಗೋ ಹಿರಿಯರ ಊರಿನ ಹೆಸರು ಹೇಳಿ ಪಾರಾಗುತ್ತೇವೆ. ನಮ್ಮ ಮಕ್ಕಳು ಸುಮ್ಮನಾಗುತ್ತಾರೆ. ನಮ್ಮೊಡನೆ ಬಂದಿದ್ದ ಹದಿನಾಲ್ಕರ ಹುಡುಗಿಯೊಬ್ಬಳು ಬೆಂಗಳೂರಿನ ಮದುವೆಯೊಂದರಲ್ಲಿ ತನ್ನ ಕನ್ನಡಕ್ಕೆ ಓರಗೆಯವರು ನಕ್ಕಂದಿನಿಂದ ಹೊರಗಿನವರೆದುರು ಕನ್ನಡವಾಡುವುದನ್ನೇ ಬಿಟ್ಟಿದ್ದಳು. ಅವಳ ಮಾತಿನಲ್ಲಿ ಉರ್ದು, ತೆಲುಗುಗಳು ಕೇಳದೆಯೇ ಬಂದು ಸೇರುತ್ತವೆ. ಅದು ಅವಳು ಕಲಿತ ರೀತಿ. ಬೀದರಕ್ಕೆ ಹೋಗುವ ನಮ್ಮ ಉತ್ಸಾಹದ ಹಿಂದೆ ಈ ಚಿಂತೆಯೂ ಇತ್ತು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಊರು ಸೇರಿ ಮೊದಲು ಹೋದದ್ದು ಚೌಬಾರಾದ ಬಳಿಗೆ. ನಾಲ್ಕು ಹಾದಿಗಳು ಕೂಡುವಲ್ಲಿ 71 ಅಡಿ ಎತ್ತರದ ದುಂಡನೆಯ ಗೋಪುರ. ಹಿಂದೆ ಮೇಲೆ ನಿಂತು ಸುತ್ತಲ ಬಯಲನ್ನು ಕಾಯುತ್ತಿದ್ದರಂತೆ. ಈಗ ಆಟೋಗಳೂ ತಳ್ಳುಗಾಡಿಗಳೂ ಅದನ್ನು ಸುತ್ತುತ್ತವೆ. ಪಕ್ಕದ ಗಲ್ಲಿಯ ಸಣ್ಣ ಹೋಟೆಲಿನಲ್ಲಿ ಸುಸಲಾ, ಅದರ ಮೇಲೆ ಹುರಿಗಡಲೆಯ ಪುಡಿ, ಬದಿಗೆ ಮಿರ್ಚಿ ಭಜಿ. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ ಒಗ್ಗರಣೆ ಹಾಕಿದ ಈ ತಿಂಡಿ ನಮ್ಮ ಅಜ್ಜಿಯರ ಕೈಯಲ್ಲಿ ಕಂಡದ್ದು. ಹೈದರಾಬಾದಿನ ಹೋಟೆಲುಗಳಲ್ಲಿ ನಮಗೆ ಎಂದೂ ಸಿಕ್ಕಿಲ್ಲ. ಅದರ ಬೆನ್ನಿಗೆ ಬಂದ ಚಹಾ ಮಾತ್ರ ಅಪ್ಪಟ ನಮ್ಮೂರಿನದು: ಗಟ್ಟಿ ಹಾಲು, ಧಾರಾಳ ಸಕ್ಕರೆ, ಅದ್ದಿಕೊಳ್ಳಲು ಖಾರಿ. ಒಂದೇ ಮೇಜಿನ ಮೇಲೆ ಎರಡೂ ಊರುಗಳು ಇದ್ದವು.

ಅಲ್ಲಿಂದ ಕೆಲವೇ ಹೆಜ್ಜೆಗೆ ಮಹಮೂದ್ ಗಾವಾನನ ಮದರಸಾ. ಇರಾನಿನ ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಗಾವಾನ 1472ರಲ್ಲಿ ಕಟ್ಟಿಸಿದ ವಿದ್ಯಾಲಯವಿದು. ಒಂದೇ ಮಿನಾರು ಉಳಿದಿದೆ. ಅದರ ಮೈಗೆ ಅಂಟಿಕೊಂಡ ನೀಲಿ, ಹಳದಿ, ಬಿಳಿ ಹೆಂಚುಗಳಲ್ಲಿ ಕೆಲವು ಇನ್ನೂ ಹೊಳೆಯುತ್ತವೆ. ಗಾವಾನನಿಗೆ 1481ರಲ್ಲಿ ಮರಣದಂಡನೆಯಾಯಿತು. ಕಟ್ಟಡದ ಒಂದು ಪಾಲು ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಹಾರಿಹೋಯಿತು. ಶಾಲೆಯಲ್ಲಿ ಮದ್ದು ತುಂಬಿದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಮಕ್ಕಳು ಮುರಿದ ಗೋಡೆಯನ್ನು ನೋಡಿ ತಾವೇ ತಿಳಿದುಕೊಂಡರು.

ಕೋಟೆಯಲ್ಲಿ ಅರ್ಧ ದಿನ ಕಳೆಯಿತು. ಊರಿನ ಕಡೆಗೆ ಮೂರು ಸಾಲಿನ ಕಂದಕ. ಕಟ್ಟಿದ್ದಲ್ಲ, ಜಂಬಿಟ್ಟಿಗೆಯನ್ನೇ ಕಡಿದು ಇಳಿಸಿದ್ದು. ರಂಗೀನ್ ಮಹಲಿನ ಕರಿಕಲ್ಲಿನ ಬಾಗಿಲುವಾಡದಲ್ಲಿ ಮುತ್ತಿನ ಚಿಪ್ಪಿನ ಕುಸುರಿಯಿದೆ. ಕಾವಲುಗಾರನು ಬಾಗಿಲು ತೆರೆದೊಡನೆ ಬೆಳಕು ಬಿದ್ದು ಅದು ಮಿನುಗಿತು. ಈ ಊರಿನ ಒಂದೊಂದು ಕಲ್ಲನ್ನೂ ಅಳೆದು ಬರೆದಿಟ್ಟವರು ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಗುಲಾಂ ಯಜ್ದಾನಿ. ಅವರ ಗ್ರಂಥ ಹೊರಬಂದದ್ದು 1947ರಲ್ಲಿ. ಅಲ್ಲಿಂದ ಒಂಬತ್ತೇ ವರ್ಷಕ್ಕೆ ಆ ಸಂಸ್ಥಾನವೇ ನಕಾಶೆಯಿಂದ ಮಾಯವಾಯಿತು.

ಕೋಟೆಯ ಮಣ್ಣಿಗೆ ಇನ್ನೊಂದು ಬಳಕೆಯೂ ಇದೆ. ಬಿದರಿ ಕೆಲಸದವರ ಗಲ್ಲಿಯಲ್ಲಿ ಅದನ್ನು ಕಂಡೆವು. ಸತುವಿಗೆ ತುಸು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರೆಯುತ್ತಾರೆ. ಉಜ್ಜಿ ನುಣುಪು ಮಾಡಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಆ ಗೆರೆಗಳೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರಿನಲ್ಲಿ ಪಾತ್ರೆಯನ್ನು ಅದ್ದುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಬಿಸಿಲು, ಮಳೆ ತಾಗದೆ ಎಷ್ಟೋ ಕಾಲ ಬಿದ್ದ ಮಣ್ಣೇ ಆಗಬೇಕಂತೆ. ಸರಿಯಾದ ಮಣ್ಣೆಂದು ತಿಳಿಯುವುದು ಹೇಗೆಂದು ಕೇಳಿದೆವು. ಕುಶಲಕರ್ಮಿಯು ಚಿಟಿಕೆ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ತೋರಿಸಿದರು. ರುಚಿಯೇ ಪರೀಕ್ಷೆ. ಈ ಕಲೆಗಾಗಿ ಇದೇ ಊರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಎರಡು ದಿನಗಳಲ್ಲಿ ನಾವು ಬಹಳಷ್ಟು ತಿಂದೆವಾದರೂ, ತನ್ನ ಊರಿನ ರುಚಿಯನ್ನು ಅಷ್ಟು ಖಚಿತವಾಗಿ ಬಲ್ಲ ನಾಲಿಗೆಯನ್ನು ಬೇರೆಲ್ಲೂ ಕಾಣಲಿಲ್ಲ.

ಸಂಜೆ ಗುರುನಾನಕ್ ಝೀರಾಕ್ಕೆ ಹೋದೆವು. ಇಲ್ಲಿ ನೀರಿನ ಮಾತನ್ನು ತುಸು ಬಿಡಿಸಿ ಹೇಳಬೇಕು. ಬೀದರದ ಹಾಸಿನ ಮೇಲೆ ನದಿಯಿಲ್ಲ. ಜಂಬಿಟ್ಟಿಗೆ ರಂಧ್ರಮಯವಾದ ಕಲ್ಲು; ಮಳೆಯ ನೀರನ್ನು ಸ್ಪಂಜಿನಂತೆ ಹೀರುತ್ತದೆ. ಕೆಳಗೆ ಜೇಡಿಯೂ ಕರಿಕಲ್ಲೂ ಅದನ್ನು ತಡೆಯುತ್ತವೆ. ಮುಂದೆ ಇಳಿಯಲಾಗದ ನೀರು ಪಕ್ಕಕ್ಕೆ ಸರಿದು, ಹಾಸು ಮುಗಿಯುವ ಅಂಚಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬಾಯಾರಿದ ಜನರ ಮೊರೆಗೆ ಗುರುನಾನಕರು ಪಾದದಿಂದ ಕಲ್ಲನ್ನು ಸರಿಸಿದಾಗ ನೀರು ಚಿಮ್ಮಿತೆಂಬುದು ಒಂದು ಒರತೆಯ ಕಥೆ. ಝರಣಿ ನರಸಿಂಹನ ಗುಹೆಯದು ಇನ್ನೊಂದು; ಅಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರು ನಡೆದು ದೇವರನ್ನು ಕಾಣುತ್ತಾರೆ. ಪಾಪನಾಶದ ಶಿವನ ಕೊಳವೂ ಇಂಥದೇ. ಬಹಮನಿಗಳ ಕಾಲದಲ್ಲಿ ಇದೇ ನೀರನ್ನು ನೆಲದೊಳಗಿನ ಸುರಂಗಗಳಿಂದ ತಂದರು. ಇರಾನಿನಿಂದ ಬಂದ ಆ ವಿದ್ಯೆಗೆ ಕಾರೇಜ್ ಎಂದು ಹೆಸರು. ಇಲ್ಲಿಯ ಜನ ಸುರಂಗ ಬಾವಿ ಎನ್ನುತ್ತಾರೆ. ನೌಬಾದಿನ ಸುರಂಗದ ಗಾಳಿಬಾವಿಗಳು ಬಹುಕಾಲ ಹೂಳಿನಡಿಯಲ್ಲಿದ್ದು ಈಚೆಗಷ್ಟೇ ಬೆಳಕು ಕಂಡಿವೆ. ಹಾಸಿನ ಮೇಲೆ ಕಾಂಕ್ರೀಟು ಹರಡಿದಷ್ಟೂ ಕಲ್ಲು ಕುಡಿಯುವ ಮಳೆ ಕಡಿಮೆಯಾಗುತ್ತದೆ. ಮೇಲೆ ಇಂಗದಿದ್ದರೆ ಕೆಳಗೆ ಗುರುವಿಗೂ ನೀರಿಲ್ಲ, ನರಸಿಂಹನಿಗೂ ಇಲ್ಲ.

ಝೀರಾದ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿ, ತಣ್ಣನೆಯ ಒರತೆಯ ನೀರು ಕುಡಿದು, ಲಂಗರಿನ ಸಾಲಿನಲ್ಲಿ ಕುಳಿತೆವು. ಗುರು ಗೋವಿಂದಸಿಂಹರ ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಹರು ಬೀದರದವರು. ಪಂಜಾಬಿನಿಂದ ಇಷ್ಟು ದೂರಕ್ಕೆ ಯಾತ್ರಿಕರು ಬರುವುದಕ್ಕೆ ಅದೂ ಒಂದು ಕಾರಣ. ನಮ್ಮ ಎಡಕ್ಕೆ ಅಂಥ ಒಂದು ಕುಟುಂಬ, ಬಲಕ್ಕೆ ಹುಮನಾಬಾದ ಕಡೆಯಿಂದ ಸಂತೆಗೆ ಬಂದ ರೈತರು. ದಾಲು, ರೋಟಿ, ಪಲ್ಯ, ಪಾಯಸ. ಎರಡೂ ಅಂಗೈ ಚಾಚಿ ರೋಟಿ ಪಡೆಯಬೇಕೆಂಬ ಕ್ರಮವನ್ನು ನಮ್ಮ ಮಕ್ಕಳಿಗೆ ಕಲಿಸಿದವರು ಆ ರೈತರೇ.

ಭಾನುವಾರ ಬೆಳಿಗ್ಗೆ ಅಷ್ಟೂರಿನ ಗೋರಿಗಳು. ಬಯಲಲ್ಲಿ ಸಾಲಾಗಿ ನಿಂತ ಬಹಮನಿ ಗುಮ್ಮಟಗಳಲ್ಲಿ ಹುಮಾಯೂನನದಕ್ಕೆ ಸಿಡಿಲು ಬಡಿದು ಅರ್ಧ ಕುಸಿದಿದೆ. ಕೊಯ್ದ ಈರುಳ್ಳಿಯಂತೆ ಗುಮ್ಮಟದ ಒಳಗಿನ ಕಟ್ಟಡವೆಲ್ಲ ಕಾಣುತ್ತದೆ. ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಅಹಮದ್ ಶಾನ ಗೋರಿಯ ಒಳಮೈಯೆಲ್ಲ ಚಿನ್ನ, ಕೆಂಪು, ನೀಲಿಯ ಬರಹ. ಮುಸಲ್ಮಾನರಿಗೆ ಆತ ವಲಿ. ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಪ್ರತಿವರ್ಷ ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಿಂದ ಜಂಗಮರು ಕಾಲ್ನಡಿಗೆಯಲ್ಲಿ ಬಂದು, ಶಂಖ ಊದಿ ಗೋರಿಯನ್ನು ಪೂಜಿಸುತ್ತಾರೆ. ಇದನ್ನು ಸಾಮರಸ್ಯದ ಪ್ರದರ್ಶನವೆಂದು ಅಲ್ಲಿ ಯಾರೂ ತೋರಿಸಲಿಲ್ಲ. ನಡೆದುಬಂದ ಪದ್ಧತಿ, ಅಷ್ಟೇ.

ಊರಿಗೆ ಮರಳಿದರೆ ಬೀದಿಗಳು ಬರಿದು. ಅಂಗಡಿಗಳಿಗೆ ಬೀಗ, ಹೋಟೆಲುಗಳ ಬಾಗಿಲು ಅರ್ಧ ಇಳಿದಿತ್ತು. ಎಳ್ಳಮಾವಾಸ್ಯೆಯ ದಿನ ಈ ಸೀಮೆಯಲ್ಲಿ ಊರು ಊರೇ ಎದ್ದು ಹೊಲಕ್ಕೆ ಹೋಗುತ್ತದೆ. ನಾವು ಬಯಸಿ ಬಂದದ್ದೂ ಅದಕ್ಕೇ. ಪರಿಚಿತರೊಬ್ಬರು ತಮ್ಮ ಹೊಲಕ್ಕೆ ಕರೆದಿದ್ದರು. ಹಾಸಿನಿಂದ ಇಳಿದು ಕಪ್ಪು ನೆಲಕ್ಕೆ ಬಂದರೆ ಆಳೆತ್ತರದ ಜೋಳ, ನಡುನಡುವೆ ಹೂವು ಕಾಯಿ ಕಟ್ಟಿದ ತೊಗರಿ, ಕಡಲೆ. ಅವರ ಹೊಲವಿನ್ನೂ ಮೈಲಿ ದೂರವಿರುವಾಗಲೇ ದಾರಿ ಬದಿಯ ಹೊಲದಿಂದ ಮುದುಕಿಯೊಬ್ಬರು ಕೂಗಿದರು:

"ಬರ್ರಿ, ಕೂಡ್ರಿ, ಉಂಡು ಹೋಗ್ರಿ."

ಆ ದಿನ ದಾರಿಹೋಕರನ್ನು ಉಣ್ಣದೆ ಕಳಿಸುವ ವಾಡಿಕೆಯಿಲ್ಲ. ಹೊಲದ ನಡುವೆ ಜೋಳದ ದಂಟಿನ ಗುಡಿಸಲು. ಒಳಗೆ ಕಲ್ಲಿನ ಪಾಂಡವರಿಗೆ ಆಗತಾನೆ ಪೂಜೆಯಾಗಿ, ಹೊಲದ ಸುತ್ತ ಚರಗ ಚೆಲ್ಲಿ ಮುಗಿದಿತ್ತು. ಕಂಬಳಿ ಹಾಸಿ ಬಡಿಸಿದರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಅಂಬಲಿ, ಶೇಂಗಾ ಹೋಳಿಗೆ, ಇವೆಲ್ಲದರ ನಡುವೆ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿಯಲ್ಲ ಇದು. ಆ ಹೊತ್ತಿಗೆ ಹೊಲದಲ್ಲಿ ಹಸಿರಾಗಿ ಏನೇನಿದೆಯೋ, ಎಳೆ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಗಜ್ಜರಿ, ಬದನೆ, ಎಲ್ಲವನ್ನೂ ಒಂದೇ ಗಡಿಗೆಗೆ ಹಾಕಿ, ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕದಡಿ ಬೇಯಿಸಿದ್ದು. ಇಂಥದೇ ಇರಬೇಕು, ಇಂಥದು ಕೂಡದು ಎಂಬ ನಿಯಮ ಅದಕ್ಕಿಲ್ಲ.

ಹುಡುಗಿಯ ಪಕ್ಕ ಕುಳಿತ ಆ ಅಜ್ಜಿ ಕೇಳಿಯೇ ಬಿಟ್ಟರು: "ಯಾವೂರ ಯವ್ವಾ ನಿಮ್ದು?"

ನಾವು ಬಾಯಿ ಹಾಕಲಿಲ್ಲ. ಹುಡುಗಿ ಸ್ವಲ್ಪ ತಡೆದು, "ಹೈದರಾಬಾದ್, ಅಜ್ಜಿ. ಲೇಕಿನ್ ನಮ್ಮ ಮುತ್ತ್ಯಾ ಈ ಕಡೇವ್ರೇ," ಎಂದಳು.

ಅಜ್ಜಿಗೆ ಅದರಲ್ಲಿ ಬೆರಗಾಗುವಂಥದು ಏನೂ ಕಾಣಲಿಲ್ಲ. ಅವರ ಮಾತಿನಲ್ಲೂ ಲೇಕಿನ್ ಇತ್ತು, ಬಿಲ್ಕುಲ್ ಇತ್ತು. ಮರಾಠಿಯೂ ತೆಲುಗೂ ಬಂದು ಹೋಗುತ್ತಿದ್ದವು. ತಮ್ಮ ತಂಗಿಯನ್ನು ಜಹೀರಾಬಾದಿಗೂ ಮಗಳನ್ನು ಉದಗೀರಕ್ಕೂ ಕೊಟ್ಟದ್ದನ್ನು ಹೇಳಿದರು. ಅವರ ಬಂಧುಬಳಗ ಮೂರು ರಾಜ್ಯಗಳಲ್ಲಿ ಹರಡಿತ್ತು. ಅವರ ಲೆಕ್ಕದಲ್ಲಿ ಮಾತ್ರ ಅದೊಂದೇ ಸೀಮೆ. ಹುಡುಗಿ ಎರಡನೆಯ ಸಲ ಭಜ್ಜಿ ಹಾಕಿಸಿಕೊಂಡು, ಅದನ್ನು ಮಾಡುವುದು ಹೇಗೆಂದು ಕನ್ನಡದಲ್ಲೇ ಕೇಳಿ ಫೋನಿನಲ್ಲಿ ಬರೆದುಕೊಂಡಳು, ತೆಲುಗು ಲಿಪಿಯಲ್ಲಿ. ಕನ್ನಡದ ಅಕ್ಷರ ಅವಳಿಗೆ ಇನ್ನೂ ಕೂಡಿಬಂದಿಲ್ಲ.

ಈ ಒಂದು ಊಟದಿಂದ ನಮ್ಮ ಮನೆಗಳ ಕನ್ನಡ ಉಳಿದೀತೆಂದು ನಾವು ನಂಬಿಲ್ಲ. ಶಾಲೆಯಲ್ಲಿ ಕಲಿಸದ, ಬೀದಿಯಲ್ಲಿ ಕೇಳದ ಭಾಷೆಗೆ ನಮ್ಮ ಊರಿನಲ್ಲಿ ಉಳಿದಿರುವುದು ಅಡುಗೆಮನೆಯೊಂದೇ. ಅದೂ ಎಷ್ಟು ದಿನವೋ. ಆದರೆ ಶುದ್ಧವಿಲ್ಲವೆಂಬ ಕಾರಣಕ್ಕೆ ಮಕ್ಕಳು ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ ಎಂಬುದನ್ನು ಬೀದರ ಅವರಿಗೆ ಉಪದೇಶವಿಲ್ಲದೆ ಹೇಳಿತು. ಹಲವು ನುಡಿಗಳು ಕೂಡಿದಲ್ಲಿ ಕನ್ನಡ ಸೊರಗುತ್ತದೆಂದು ಭಯಪಡುವವರು ಒಮ್ಮೆ ಆ ಕಪ್ಪು ನೆಲದ ಹೊಲಗಳಲ್ಲಿ ಕುಳಿತು ಉಣ್ಣಬೇಕು. ಅಲ್ಲಿ ಕನ್ನಡ ನೂರಾರು ವರ್ಷಗಳಿಂದ ಹೀಗೆಯೇ, ಪಾರಸಿ, ಉರ್ದು, ಮರಾಠಿ, ತೆಲುಗುಗಳ ನಡುವೆಯೇ ಬಾಳಿದೆ. ಬೇರೆ ಬಗೆಯಲ್ಲಿ ಬಾಳಿದ್ದು ಆ ನೆಲಕ್ಕೆ ನೆನಪಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಚಳಿಗಾಲ ಒಳ್ಳೆಯದು, ಬೇಸಗೆಯ ಬಿಸಿಲಿನಲ್ಲಿ ಜಂಬಿಟ್ಟಿಗೆ ಕಾದ ಹಂಚಿನಂತಿರುತ್ತದೆ. ಝರಣಿಯ ಗುಹೆಗೆ ಇಳಿಯುವವರು ಬದಲಿ ಬಟ್ಟೆ ಒಯ್ಯಿರಿ, ಪ್ರವೇಶವಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬಿದರಿಯ ಸಣ್ಣ ಪೆಟ್ಟಿಗೆಯೊಂದನ್ನಾದರೂ ಮಾಡಿದವರ ಕೈಯಿಂದಲೇ ಕೊಳ್ಳಿ. ಎಳ್ಳಮಾವಾಸ್ಯೆಗೆ ಹೋದರೆ ಊಟ ಕಟ್ಟಿಕೊಂಡು ಹೋಗಬೇಡಿ. ಹೊಲದಿಂದ ಯಾರೋ ಕೂಗುತ್ತಾರೆ, ಆಗ ನಿಲ್ಲಿ.